ಕೈಹಿಡಿದು ನಡೆಸುವವರ ಹೊಣೆ: ಆಕ್ಯುಪೇಷನಲ್ ಥೆರಪಿ, ಕಾನೂನು ಮತ್ತು ನೀತಿ

ನಮ್ಮ ದೇಶದಲ್ಲಿ ದಾದಿಯರ ವೃತ್ತಿಗೆ 1947ರಲ್ಲಿ, ಔಷಧ ವಿತರಕರ ವೃತ್ತಿಗೆ 1948ರಲ್ಲಿ, ವೈದ್ಯರ ವೃತ್ತಿಗೆ ಸ್ವಾತಂತ್ರ್ಯಪೂರ್ವದಲ್ಲಿಯೂ ಮತ್ತೆ 1956ರಲ್ಲಿಯೂ ರಾಷ್ಟ್ರಮಟ್ಟದ ಕಾನೂನುಗಳು ರೂಪುಗೊಂಡವು. ಆದರೆ ಪಾರ್ಶ್ವವಾಯು ಬಡಿದ ಹಿರಿಯರ ಕೈಗೆ ಮತ್ತೆ ತುತ್ತೆತ್ತುವುದನ್ನು ಕಲಿಸುವ, ಬೆಳವಣಿಗೆ ನಿಧಾನವಾದ ಮಗುವಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವ ಚಿಕಿತ್ಸಕರಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ದೊರೆತದ್ದು 2021ರಲ್ಲಿ. ಆ ಕಾನೂನು ಪುಸ್ತಕದಿಂದ ಆಚರಣೆಗೆ ಇಳಿಯುವುದಕ್ಕೆ ಸರ್ವೋಚ್ಚ ನ್ಯಾಯಾಲಯವೇ 2024ರಲ್ಲಿ ಗಡುವು ವಿಧಿಸಬೇಕಾಯಿತು ಎಂಬುದು ಗಮನಾರ್ಹ.

ಈ ವಿಷಯ ನಮ್ಮ ಓದುಗರಿಗೆ ದೂರದ್ದೇನಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಹಿರಿಯರು ವಯಸ್ಸಾಗುತ್ತಿದ್ದಾರೆ. ಅದೇ ಮನೆಗಳಲ್ಲಿ ಮೊಮ್ಮಕ್ಕಳ ಬೆಳವಣಿಗೆಯ ಬಗೆಗೆ ಹಿಂದಿಗಿಂತ ಹೆಚ್ಚಿನ ಎಚ್ಚರವೂ ಇದೆ. ಉಪನಗರಗಳ ರಸ್ತೆರಸ್ತೆಯಲ್ಲಿ ‘ಥೆರಪಿ ಸೆಂಟರ್’ ಎಂಬ ಫಲಕಗಳು ಕಾಣುತ್ತಿವೆ. ಆ ಫಲಕದ ಹಿಂದೆ ಯಾರಿದ್ದಾರೆ, ಅವರ ಅರ್ಹತೆಯೇನು, ತಪ್ಪಾದರೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಕಡಿಮೆ. ಈ ಲೇಖನದ ಉದ್ದೇಶ ಆ ಪ್ರಶ್ನೆಗಳನ್ನು ಮುಂದಿಡುವುದು.

ಹೆಸರಿನ ಗೊಂದಲ

ಆಕ್ಯುಪೇಷನಲ್ ಥೆರಪಿಯನ್ನು ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆಯುವುದುಂಟು. ಈ ಹೆಸರು ಕೇಳಿದವರು ಇದು ಉದ್ಯೋಗ ದೊರಕಿಸುವ ತರಬೇತಿಯೆಂದೋ, ಕಾರ್ಖಾನೆಯ ಕಾರ್ಮಿಕರ ಚಿಕಿತ್ಸೆಯೆಂದೋ ಭಾವಿಸುತ್ತಾರೆ. ಇಲ್ಲಿ ‘ಆಕ್ಯುಪೇಷನ್’ ಎಂದರೆ ಸಂಬಳದ ಕೆಲಸ ಮಾತ್ರವಲ್ಲ. ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಅರ್ಥಪೂರ್ಣವಾದ ಎಲ್ಲ ಚಟುವಟಿಕೆಗಳೂ ಅದರಲ್ಲಿ ಸೇರುತ್ತವೆ: ಹಲ್ಲುಜ್ಜುವುದು, ಸ್ನಾನ, ಸೀರೆ ಉಡುವುದು, ಅಡುಗೆ, ಆಟ, ಬರವಣಿಗೆ, ದೇವರ ಪೂಜೆ, ಲೋಕಲ್ ರೈಲಿನ ಪ್ರಯಾಣ. ನಮ್ಮ ‘ಕಾಯಕ’ ಎಂಬ ಮಾತಿನ ವ್ಯಾಪ್ತಿ ಇದಕ್ಕೆ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ. ಫಿಸಿಯೋಥೆರಪಿಯು ಮುಖ್ಯವಾಗಿ ಕೀಲು, ಸ್ನಾಯು, ಚಲನೆಗಳ ಕಡೆಗೆ ಗಮನ ಕೊಟ್ಟರೆ, ಆಕ್ಯುಪೇಷನಲ್ ಥೆರಪಿಯು ಆ ಚಲನೆಯಿಂದ ವ್ಯಕ್ತಿ ತನ್ನ ಬದುಕಿನಲ್ಲಿ ಏನು ಮಾಡಬೇಕಾಗಿದೆ ಎಂಬುದರ ಕಡೆಗೆ ಗಮನ ಕೊಡುತ್ತದೆ.

ಈ ವೃತ್ತಿಯ ಭಾರತೀಯ ಇತಿಹಾಸ ಮುಂಬಯಿಯಲ್ಲಿಯೇ ಆರಂಭವಾದುದು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ ಇಲ್ಲಿಯೇ ನೆಲೆಸಿದ ಕಮಲಾ ನಿಂಬಕರ್ ಅವರು 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ತರಬೇತಿ ಶಾಲೆಯನ್ನು ಸ್ಥಾಪಿಸಿದರು. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ ಹುಟ್ಟಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಮಣಿಪಾಲದ ಶಿಕ್ಷಣ ಸಂಸ್ಥೆಯಲ್ಲಿ ಈ ಪದವಿಯ ಬೋಧನೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ಸೇವೆಯಲ್ಲಿಯೂ ಈ ಚಿಕಿತ್ಸೆಗೆ ಸ್ಥಾನವಿದೆ. ಇಷ್ಟು ಹಳೆಯ ವೃತ್ತಿಗೆ ರಾಷ್ಟ್ರೀಯ ಕಾನೂನು ಬರಲು ಏಳು ದಶಕಗಳು ಬೇಕಾದುವು.

ಕಾನೂನು ಬಂದ ದಾರಿ

ಈ ನಡುವೆ ಕೆಲವು ರಾಜ್ಯಗಳು ತಮ್ಮದೇ ವ್ಯವಸ್ಥೆ ಮಾಡಿಕೊಂಡವು. ದೆಹಲಿಯಲ್ಲಿ 1997ರ ಕಾಯ್ದೆಯಂತೆಯೂ ಮಹಾರಾಷ್ಟ್ರದಲ್ಲಿ 2002ರ ಕಾಯ್ದೆಯಂತೆಯೂ ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಗಳಿಗೆ ಜಂಟಿ ಮಂಡಳಿಗಳು ರಚನೆಯಾದವು. ಈ ಮಂಡಳಿಗಳಲ್ಲಿ ನೋಂದಾಯಿತರಾದ ಚಿಕಿತ್ಸಕರಿಗೆ ಒಂದು ಸಂಖ್ಯೆ ಇರುತ್ತದೆ. ಮುಂಬಯಿ, ಪುಣೆಯ ನಮ್ಮ ಓದುಗರು ಆ ಸಂಖ್ಯೆಯನ್ನು ಕೇಳುವ ಹಕ್ಕನ್ನು ಬಹುಕಾಲದಿಂದ ಹೊಂದಿದ್ದರೂ ಕೇಳಿದವರು ವಿರಳ.

2021ರ ಮಾರ್ಚ್ ತಿಂಗಳಲ್ಲಿ ಸಂಸತ್ತಿನ ಉಭಯ ಸದನಗಳೂ ಅಂಗೀಕರಿಸಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯು ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಅಡಕಗೊಳಿಸಿತು. ಆಕ್ಯುಪೇಷನಲ್ ಥೆರಪಿ ಅದರಲ್ಲಿ ಒಂದು ಪ್ರತ್ಯೇಕ ವರ್ಗ. ಶಿಕ್ಷಣದ ಮಟ್ಟ, ವೃತ್ತಿಯ ನೀತಿಸಂಹಿತೆ, ಕೇಂದ್ರ ಮತ್ತು ರಾಜ್ಯ ನೋಂದಣಿ ಪುಸ್ತಕಗಳು, ದುರ್ವರ್ತನೆ ತೋರಿದವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರ ಇವೆಲ್ಲವನ್ನೂ ಈ ಕಾಯ್ದೆ ಒದಗಿಸುತ್ತದೆ. ನೋಂದಣಿಯಿಲ್ಲದೆ ನೋಂದಾಯಿತನೆಂದು ಹೇಳಿಕೊಳ್ಳುವುದೂ, ವೃತ್ತಿಯ ಹೆಸರನ್ನು ದುರುಪಯೋಗ ಮಾಡಿಕೊಳ್ಳುವುದೂ ಇದರನ್ವಯ ಅಪರಾಧ.

ಕಾಯ್ದೆ ಬಂದರೂ ಅನೇಕ ರಾಜ್ಯಗಳು ಮಂಡಳಿಗಳನ್ನು ರಚಿಸಲಿಲ್ಲ. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರ ಆಗಸ್ಟ್ ತಿಂಗಳಲ್ಲಿ ನ್ಯಾಯಾಲಯವು ಎರಡು ತಿಂಗಳೊಳಗೆ, ಅಂದರೆ ಅಕ್ಟೋಬರ್ 12ರೊಳಗೆ, ಕಾಯ್ದೆಯನ್ನು ಜಾರಿಗೆ ತರುವಂತೆ ಕೇಂದ್ರಕ್ಕೂ ರಾಜ್ಯಗಳಿಗೂ ಆದೇಶಿಸಿತು. ಅನಂತರ ಕೆಲಸ ಚುರುಕುಗೊಂಡಿದ್ದರೂ ಎಲ್ಲ ರಾಜ್ಯಗಳಲ್ಲಿಯೂ ಒಂದೇ ವೇಗದಲ್ಲಿ ನಡೆದಿಲ್ಲ. ಒಂದು ನಗರದಿಂದ ಇನ್ನೊಂದಕ್ಕೆ ವರ್ಗವಾಗಿ ಹೋಗುವ ಕುಟುಂಬಗಳಿಗೆ ಈ ಅಸಮಾನತೆ ನೇರವಾಗಿ ತಟ್ಟುತ್ತದೆ.

ಇದರ ನಡುವೆ 2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ವಿವಾದ ಎದ್ದಿತು. ಫಿಸಿಯೋಥೆರಪಿಸ್ಟರು ತಮ್ಮ ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಬಳಸಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ಉಪಾಧಿಯ ಈ ಜಗಳ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ದೃಷ್ಟಿಯಲ್ಲಿ ರೋಗಿಗೆ ಬೇಕಾದುದು ಉಪಾಧಿಯಲ್ಲ, ಸ್ಪಷ್ಟತೆ. ತನ್ನೆದುರು ಕುಳಿತಿರುವವರು ಔಷಧ ಬರೆದುಕೊಡುವ ವೈದ್ಯರೇ, ಚಟುವಟಿಕೆಯ ಮೂಲಕ ಚಿಕಿತ್ಸೆ ನೀಡುವ ಥೆರಪಿಸ್ಟರೇ, ಅವರ ಸಹಾಯಕರೇ ಎಂಬುದು ಮೊದಲ ಭೇಟಿಯಲ್ಲಿಯೇ ತಿಳಿಯಬೇಕು. ಹಾಗೆ ತಿಳಿಸುವುದು ವೃತ್ತಿನೀತಿಯ ಮೊದಲ ಪಾಠ.

ಇಲ್ಲಿ ಇನ್ನೊಂದು ವಿವರವನ್ನು ಹೇಳಬೇಕು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ವಿಶೇಷ ಶಿಕ್ಷಕರು, ವಾಕ್-ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟರು ಮೊದಲಾದವರ ನೋಂದಣಿ ನಡೆಯುತ್ತದೆ. ಒಂದೇ ಸೂರಿನಡಿ ಇವರೆಲ್ಲರೂ ಕೆಲಸ ಮಾಡುವ ಕೇಂದ್ರದಲ್ಲಿ ಒಬ್ಬರ ನೋಂದಣಿ ಪತ್ರವನ್ನು ಗೋಡೆಗೆ ತೂಗುಹಾಕಿ ಎಲ್ಲರ ಪರವಾಗಿ ತೋರಿಸುವುದುಂಟು. ಪ್ರತಿಯೊಬ್ಬರ ಅರ್ಹತೆಯೂ ಬೇರೆ, ನೋಂದಣಿಯೂ ಬೇರೆ ಎಂಬುದನ್ನು ಪಾಲಕರು ಅರಿತಿರಬೇಕು.

ನಿರ್ಲಕ್ಷ್ಯ ಎಂದರೆ ಯಾವುದು?

ಚಿಕಿತ್ಸೆ ಫಲಿಸದಿದ್ದರೆ ಅದು ನಿರ್ಲಕ್ಷ್ಯವಲ್ಲ. ಪಾರ್ಶ್ವವಾಯುವಾದ ಕೈ ಪೂರ್ಣವಾಗಿ ಮರಳದಿರಬಹುದು; ಅದಕ್ಕೆ ಚಿಕಿತ್ಸಕರನ್ನು ದೂರುವುದು ಅನ್ಯಾಯ. ಸಮಾನ ಅರ್ಹತೆಯ ಒಬ್ಬ ಸಾಮಾನ್ಯ ವೃತ್ತಿಪರನು ವಹಿಸಬೇಕಾದ ಎಚ್ಚರಿಕೆಯನ್ನು ವಹಿಸದೆ, ಅದರಿಂದ ಹಾನಿಯಾದಾಗ ಮಾತ್ರ ಕಾನೂನಿನ ಕಣ್ಣಿನಲ್ಲಿ ನಿರ್ಲಕ್ಷ್ಯವಾಗುತ್ತದೆ.

ಈ ವೃತ್ತಿಯಲ್ಲಿ ಅಂಥ ಹಾನಿ ಹೇಗೆ ಸಂಭವಿಸುತ್ತದೆಂಬುದು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಯ ಕತ್ತರಿ ಇಲ್ಲಿಲ್ಲ. ಆದರೆ ಪಾರ್ಶ್ವವಾಯುವಾದವರನ್ನು ಬಲವಿಲ್ಲದ ತೋಳು ಹಿಡಿದು ಎಳೆದೆಬ್ಬಿಸಿದರೆ ಭುಜದ ಕೀಲು ಜಾರಬಹುದು. ಮಧುಮೇಹದಿಂದಲೋ ಕುಷ್ಠದಿಂದಲೋ ಸ್ಪರ್ಶಜ್ಞಾನ ಕಳೆದ ಕೈಯನ್ನು ಪರೀಕ್ಷಿಸದೆ ಬಿಸಿ ಮೇಣದಲ್ಲಿ ಅದ್ದಿದರೆ ಸುಟ್ಟ ಗಾಯವಾಗುತ್ತದೆ. ನೋವೇ ತಿಳಿಯದ ಕಾರಣ ರೋಗಿ ಕೂಗುವುದೂ ಇಲ್ಲ. ಕೈಗೆ ಕಟ್ಟುವ ಸ್ಪ್ಲಿಂಟ್ ಬಿಗಿಯಾಗಿ, ಕೆಲವು ದಿನಗಳ ಮೇಲೆ ಅದನ್ನು ಯಾರೂ ಪರಿಶೀಲಿಸದಿದ್ದರೆ ಒತ್ತಡದ ಹುಣ್ಣು ಏಳುತ್ತದೆ. ನುಂಗುವ ಶಕ್ತಿ ಕುಂದಿದವರಿಗೆ ಅವಸರದಲ್ಲಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯಬಹುದು. ಮಕ್ಕಳ ಕೇಂದ್ರದ ಉಯ್ಯಾಲೆಯ ಕೊಂಡಿ ಸಡಿಲವಾಗಿದ್ದರೆ, ಕೆಳಗೆ ಮೆತ್ತನೆಯ ಹಾಸಿಲ್ಲದಿದ್ದರೆ, ಬೀಳುವ ಮಗುವಿಗೆ ತಲೆಪೆಟ್ಟು. ಇವೆಲ್ಲವೂ ಮುಂಚಿತವಾಗಿ ಊಹಿಸಬಹುದಾದ, ತಪ್ಪಿಸಬಹುದಾದ ಹಾನಿಗಳು. ಆದ್ದರಿಂದಲೇ ಕಾನೂನು ಇವನ್ನು ದುರದೃಷ್ಟವೆಂದು ಬಿಟ್ಟುಬಿಡುವುದಿಲ್ಲ.

1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಸೇರುತ್ತದೆಂದು ತೀರ್ಪಿತ್ತಿತು. ವಕೀಲರ ಸೇವೆಯನ್ನು ಆ ಕಾನೂನಿನಿಂದ ಹೊರಗಿಟ್ಟ 2024ರ ಮೇ ತಿಂಗಳ ತೀರ್ಪು ಈ ಹಳೆಯ ನಿಲುವನ್ನು ಮರುಪರಿಶೀಲಿಸಬೇಕೆಂದಿತ್ತಾದರೂ, ಅದೇ ವರ್ಷದ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಅಗತ್ಯವಿಲ್ಲವೆಂದಿತು. ಹಣ ಪಡೆಯುವ ಥೆರಪಿ ಕೇಂದ್ರಗಳ ಸೇವೆಗೂ ಇದೇ ತತ್ತ್ವ ಒಪ್ಪುತ್ತದೆ. ತಪ್ಪು ಸಹಾಯಕನದಾದರೂ ಕೇಂದ್ರದ ಒಡೆತನ ಹೊಂದಿದವರು ಹೊಣೆಯಿಂದ ತಪ್ಪಿಸಿಕೊಳ್ಳಲಾರರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಎರಡು ವರ್ಷಗಳೊಳಗೆ ನೀಡಬೇಕು.

ಕ್ರಿಮಿನಲ್ ಹೊಣೆಯ ಅಳತೆ ಬೇರೆ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದ ತೀರ್ಪಿನಂತೆ ವೈದ್ಯಕೀಯ ವೃತ್ತಿಯವರನ್ನು ಶಿಕ್ಷಿಸಲು ಸಾಮಾನ್ಯ ಲೋಪ ಸಾಲದು, ಘೋರವಾದ ನಿರ್ಲಕ್ಷ್ಯ ಸಿದ್ಧವಾಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿಯಲ್ಲಿ ನಿರ್ಲಕ್ಷ್ಯದಿಂದ ಮರಣ ಸಂಭವಿಸಿದರೆ ಐದು ವರ್ಷಗಳವರೆಗೆ ಸೆರೆವಾಸವಿದೆ. ನೋಂದಾಯಿತ ವೈದ್ಯರಿಗೆ ಮಾತ್ರ ಅದು ಎರಡು ವರ್ಷ. ಅಲ್ಲಿ ‘ನೋಂದಾಯಿತ ವೈದ್ಯ’ ಎಂಬುದರ ವ್ಯಾಖ್ಯೆ ರಾಷ್ಟ್ರೀಯ ಅಥವಾ ರಾಜ್ಯ ವೈದ್ಯಕೀಯ ನೋಂದಣಿಯಲ್ಲಿರುವವರಿಗೆ ಸೀಮಿತ. ಅಕ್ಷರಶಃ ಓದಿದರೆ ಥೆರಪಿಸ್ಟರು ಈ ರಿಯಾಯಿತಿಗೆ ಒಳಪಡುವುದಿಲ್ಲ. ವೈದ್ಯರಿಗಿಂತ ಕಡಿಮೆ ಸಂಬಳ, ಕಡಿಮೆ ಮನ್ನಣೆ, ಆದರೆ ಹೆಚ್ಚಿನ ಶಿಕ್ಷೆಯ ಸಾಧ್ಯತೆ: ಇದು ಶಾಸಕಾಂಗ ಗಮನಿಸಬೇಕಾದ ವೈಷಮ್ಯವೆಂದು ನಮ್ಮ ಅಭಿಪ್ರಾಯ.

ಒಪ್ಪಿಗೆ ಯಾರದು?

ನಮ್ಮ ಕುಟುಂಬಗಳಲ್ಲಿ ಹಿರಿಯರ ಚಿಕಿತ್ಸೆಯ ನಿರ್ಧಾರವನ್ನು ಮಕ್ಕಳು ತೆಗೆದುಕೊಳ್ಳುವುದು ವಾಡಿಕೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಕಾನೂನು ಬೇರೆ ಮಾತು ಹೇಳುತ್ತದೆ. 2008ರ ಸಮೀರಾ ಕೋಹ್ಲಿ ಪ್ರಕರಣದಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ವೈದ್ಯರು ತೆಗೆದಿದ್ದರು. ರೋಗಿಯು ಬುದ್ಧಿಪೂರ್ವಕವಾಗಿ ನಿರ್ಧರಿಸಬಲ್ಲ ವಯಸ್ಕಳಾಗಿದ್ದು, ತುರ್ತು ಪರಿಸ್ಥಿತಿಯೂ ಇಲ್ಲದಿದ್ದುದರಿಂದ ತಾಯಿಯ ಒಪ್ಪಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆ ತೀರ್ಪನ್ನು ಬರೆದವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸೇವೆ ಸಲ್ಲಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಪರ್ಯಾಯ ಇವನ್ನು ರೋಗಿಗೆ ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂಬ ತತ್ತ್ವ ಅಲ್ಲಿ ಸ್ಪಷ್ಟವಾಯಿತು.

ಈ ತತ್ತ್ವವನ್ನು ಥೆರಪಿಯ ಕೋಣೆಗೆ ತಂದು ನೋಡೋಣ. ಪಾರ್ಶ್ವವಾಯುವಿನಿಂದ ಮಾತು ಹೋದ ಹಿರಿಯರಿಗೆ ಬುದ್ಧಿ ಹೋಗಿರುವುದಿಲ್ಲ. ತಲೆಯಾಡಿಸಿ, ಕೈಸನ್ನೆ ಮಾಡಿ, ಚಿತ್ರ ತೋರಿಸಿ ಅವರು ಬೇಕು-ಬೇಡ ಹೇಳಬಲ್ಲರು. ಚಿಕಿತ್ಸಕರು ಮಗನನ್ನೋ ಸೊಸೆಯನ್ನೋ ನೋಡಿ ಮಾತನಾಡಿ, ಎದುರು ಕುಳಿತ ವ್ಯಕ್ತಿಯನ್ನು ಕಡೆಗಣಿಸಿದರೆ ಅದು ನೀತಿಗೂ ವಿರುದ್ಧ, ಕಾನೂನಿನ ಆಶಯಕ್ಕೂ ವಿರುದ್ಧ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಅಂಗವಿಕಲರಿಗೆ ಇತರರೊಡನೆ ಸಮಾನವಾದ ಕಾನೂನು ಸಾಮರ್ಥ್ಯವನ್ನು ಮಾನ್ಯಮಾಡಿದೆ.

ಗುರಿಯ ಪ್ರಶ್ನೆಯೂ ಒಪ್ಪಿಗೆಗೆ ಸೇರಿದ್ದೇ. ಮೈಸೂರಿನ ಕಡೆಯಿಂದ ಬಂದು ಮಾಟುಂಗಾದಲ್ಲಿ ಮಗನೊಡನೆ ಇರುವ ಅಜ್ಜಿಯೊಬ್ಬರನ್ನು ಭಾವಿಸೋಣ. ಅವರಿಗೆ ಚಮಚದಿಂದ ತಿನ್ನುವುದನ್ನು ಕಲಿಸಿ ‘ಸ್ವತಂತ್ರವಾಗಿ ಊಟ ಮಾಡುತ್ತಾರೆ’ ಎಂದು ವರದಿ ಬರೆಯಬಹುದು. ಆದರೆ ಅವರಿಗೆ ಬೇಕಾದುದು ಹುಳಿಯನ್ನ ಕಲಸಿ ಕೈಯಿಂದ ಉಣ್ಣುವುದು, ಬಾಗಿಲಲ್ಲಿ ರಂಗೋಲಿಯ ನಾಲ್ಕು ಎಳೆ ಎಳೆಯುವುದು, ಹೂ ಕಟ್ಟುವುದು. ಅವರನ್ನೇ ಕೇಳಿ ಗುರಿ ನಿಶ್ಚಯಿಸುವುದು ಈ ವೃತ್ತಿಯ ಮೂಲ ಸಿದ್ಧಾಂತ. ಕೇಳಲು ಭಾಷೆ ಬೇಕು. ಹಿಂದಿಯೋ ಇಂಗ್ಲಿಷೋ ಬಾರದ ಹಿರಿಯರಿಂದ ಇಂಗ್ಲಿಷ್ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ದುಭಾಷಿಯಾಗಿ ಕುಟುಂಬದವರು ಕುಳಿತಾಗ, ತಮ್ಮ ಅಭಿಪ್ರಾಯವನ್ನು ಬೆರೆಸದೆ ಅವರ ಮಾತನ್ನೇ ತಲುಪಿಸುವುದು ಕುಟುಂಬದ ಹೊಣೆ.

ಮಕ್ಕಳ ಕೇಂದ್ರಗಳಲ್ಲಿ

ಇಂದು ಅತಿ ಹೆಚ್ಚಿನ ಎಚ್ಚರ ಬೇಕಾಗಿರುವುದು ಇಲ್ಲಿ. ಮಗುವಿಗೆ ಆಟಿಸಂ ಇದೆಯೆಂದು ತಿಳಿದ ತಂದೆತಾಯಿ ಯಾವ ಭರವಸೆಗೂ ಕಿವಿಗೊಡುವ ಸ್ಥಿತಿಯಲ್ಲಿರುತ್ತಾರೆ. ‘ಆರು ತಿಂಗಳಲ್ಲಿ ಸಂಪೂರ್ಣ ಗುಣ’ ಎಂಬ ಜಾಹೀರಾತು, ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವ ‘ಪ್ಯಾಕೇಜ್’, ನಡುವೆ ಬಿಟ್ಟರೆ ಹಣ ಮರಳಿಸೆವೆಂಬ ಷರತ್ತು, ಇವು ಆ ದುರ್ಬಲ ಕ್ಷಣವನ್ನು ವ್ಯಾಪಾರ ಮಾಡಿಕೊಳ್ಳುವ ವಿಧಾನಗಳು. ಆಟಿಸಂ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಥೆರಪಿಯಿಂದ ಮಗುವಿನ ದಿನಚರಿ, ಸ್ವಾವಲಂಬನೆ, ಕಲಿಕೆ ಸುಧಾರಿಸಬಹುದು, ಆದರೆ ‘ಗುಣಪಡಿಸುವ’ ವಾಗ್ದಾನ ಮಾಡುವವರು ವೃತ್ತಿನೀತಿಯನ್ನು ಮೀರಿದವರು. ಸುಳ್ಳು ಭರವಸೆಯ ಜಾಹೀರಾತು ಗ್ರಾಹಕ ಕಾನೂನಿನಡಿಯೂ ಪ್ರಶ್ನಾರ್ಹ.

ಬಿಲ್ಲಿನ ಪ್ರಾಮಾಣಿಕತೆ ಇನ್ನೊಂದು ವಿಷಯ. ಅರ್ಹ ಥೆರಪಿಸ್ಟರ ಹೆಸರಿನಲ್ಲಿ ರಸೀದಿ ನೀಡಿ, ಚಿಕಿತ್ಸೆಯನ್ನು ತರಬೇತಿಯಿಲ್ಲದ ಸಹಾಯಕರಿಂದ ಕೊಡಿಸುವುದು ವಂಚನೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಂತಹ ಯೋಜನೆಗಳಿಂದ ಥೆರಪಿಯ ವೆಚ್ಚ ಪಡೆಯುವ ಕುಟುಂಬಗಳಿಗೆ ಸರಿಯಾದ ರಸೀದಿ ಅತ್ಯಗತ್ಯ. ನಡೆಯದ ಸೆಷನ್ನಿಗೆ ರಸೀದಿ ಬೇಡುವ ಪಾಲಕರೂ ಇದ್ದಾರೆ. ಕೊಟ್ಟವರೂ ಪಡೆದವರೂ ಇಬ್ಬರೂ ತಪ್ಪಿತಸ್ಥರು.

ಬಾಗಿಲು ಮುಚ್ಚಿದ ಕೋಣೆಯಲ್ಲಿ, ಮಾತು ಬಾರದ ಮಗುವಿನೊಡನೆ ಒಬ್ಬರೇ ಇರುವ ವೃತ್ತಿ ಇದು. ಆದ್ದರಿಂದ ಪಾಲಕರು ನೋಡಲು ಗಾಜಿನ ಕಿಂಡಿಯೋ ಕ್ಯಾಮೆರಾವೋ ಇರುವುದು ಮಗುವಿಗೂ ಚಿಕಿತ್ಸಕರಿಗೂ ರಕ್ಷಣೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ದೊರೆತರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕಡ್ಡಾಯ ಕರ್ತವ್ಯ, ತಿಳಿಸದಿರುವುದೇ ಶಿಕ್ಷಾರ್ಹ. ಬಟ್ಟೆ ತೊಡಿಸುವ, ಶೌಚದ ಅಭ್ಯಾಸ ಕಲಿಸುವ ಥೆರಪಿಸ್ಟರು ಇತರರು ಕಾಣದ ಗುರುತುಗಳನ್ನು ಕಾಣುವ ಸಂಭವ ಹೆಚ್ಚು. ‘ಮನೆತನದ ಮರ್ಯಾದೆ’ಯ ಹೆಸರಿನಲ್ಲಿ ಮೌನವಾಗಿರಲು ಅವರನ್ನು ಒತ್ತಾಯಿಸುವುದು ಸಲ್ಲದು. ಗೌಪ್ಯತೆ ಕಾಪಾಡುವ ಕರ್ತವ್ಯಕ್ಕೆ ಇಲ್ಲಿ ಕಾನೂನೇ ಮಿತಿ ಹಾಕಿದೆ.

ಅದೇ ಗೌಪ್ಯತೆ ಬೇರೆ ಕಡೆ ಸಲೀಸಾಗಿ ಮುರಿಯುತ್ತಿದೆ. ಚಿಕಿತ್ಸೆ ಪಡೆಯುವ ಮಗುವಿನ ವಿಡಿಯೋವನ್ನು ಕೇಂದ್ರದ ಪ್ರಚಾರಕ್ಕೆ ಸಾಮಾಜಿಕ ಜಾಲತಾಣಗಳಲ್ಲಿ ಹಾಕುವುದು ಸಾಮಾನ್ಯವಾಗಿದೆ. ದಾಖಲಾತಿಯ ಅರ್ಜಿಯ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಪಡೆದ ಅನುಮತಿಯನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ. ಮಕ್ಕಳ ಮಾಹಿತಿಗೆ ಪಾಲಕರ ದೃಢೀಕೃತ ಒಪ್ಪಿಗೆ ಬೇಕೆಂದು ಅದು ವಿಧಿಸುತ್ತದೆ. ಕಾನೂನು ಏನೇ ಹೇಳಲಿ, ಇಂದು ಮೂರು ವರ್ಷದ ಮಗು ನಾಳೆ ಇಪ್ಪತ್ತರ ಯುವಕನಾಗಿ ತನ್ನ ಆ ವಿಡಿಯೋವನ್ನು ನೋಡಿದಾಗ ಏನೆನ್ನುವನೆಂದು ಪಾಲಕರೂ ಒಮ್ಮೆ ಯೋಚಿಸಬೇಕು.

‘ಮನೆಮಾತು ಬಿಡಿ’ ಎಂಬ ಸಲಹೆ

ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿಯಿದೆ. ಮಾತು ತಡವಾದ ಮಗುವಿನ ಪಾಲಕರಿಗೆ ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದನ್ನೇ ಆಡಿ’ ಎಂಬ ಸಲಹೆ ನೀಡುವ ಕೇಂದ್ರಗಳಿವೆ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷ್ ಇರುವ ನಮ್ಮ ಮಕ್ಕಳ ವಿಷಯದಲ್ಲಿ ಈ ಮಾತು ಸಹಜವಾಗಿ ನಂಬುವಂತೆ ತೋರುತ್ತದೆ. ಆದರೆ ಒಂದಕ್ಕಿಂತ ಹೆಚ್ಚು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಎರಡು ಭಾಷೆಗಳ ಮನೆಯಲ್ಲಿ ಬೆಳೆಯುವ ಆಟಿಸಂ ಮಕ್ಕಳ ಮಾತು ಅದರಿಂದಾಗಿ ಮತ್ತಷ್ಟು ಹಿಂದುಳಿಯುತ್ತದೆಂಬುದಕ್ಕೆ ಈವರೆಗಿನ ಅಧ್ಯಯನಗಳು ಪುಷ್ಟಿ ಕೊಟ್ಟಿಲ್ಲ.

ಇಲ್ಲಿ ನೀತಿಯ ಪ್ರಶ್ನೆ ಎರಡು ಬಗೆಯದು. ಮೊದಲನೆಯದಾಗಿ, ಭಾಷೆಯ ಬಗೆಗೆ ಸಲಹೆ ನೀಡಬೇಕಾದವರು ವಾಕ್-ಶ್ರವಣ ತಜ್ಞರು. ತನ್ನ ಶಿಕ್ಷಣದ ಎಲ್ಲೆಯೊಳಗೆ ಮಾತ್ರ ಮಾತನಾಡುವುದು ಯಾವುದೇ ವೃತ್ತಿಪರನ ಕರ್ತವ್ಯ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ದಶಕಗಳಿಂದ ಕನ್ನಡದಲ್ಲಿಯೇ ಈ ಕೆಲಸ ಮಾಡುತ್ತಿರುವುದನ್ನು ನಮ್ಮ ಓದುಗರು ನೆನಪಿಡಬೇಕು. ಎರಡನೆಯದಾಗಿ, ಕನ್ನಡ ಮಾತ್ರ ಬಲ್ಲ ಅಜ್ಜಿ-ತಾತಂದಿರ ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮಗುವಿನೊಡನೆ ದಿನವಿಡೀ ಮಾತನಾಡುವವರೇ ಮೂಕರಾಗುತ್ತಾರೆ. ಮಗುವಿಗೆ ದೊರೆಯುವ ಮಾತು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಹಾನಿ ಮಾಡಬಾರದೆಂಬ ತತ್ತ್ವದ ಬೆಳಕಿನಲ್ಲಿ ನೋಡಿದರೆ ಇದು ಸಣ್ಣ ವಿಷಯವಲ್ಲ.

ದುಡಿಮೆಯೋ, ಚಿಕಿತ್ಸೆಯೋ?

ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಈ ವೃತ್ತಿಯ ಅತ್ಯಂತ ಹಳೆಯ ನೈತಿಕ ಪ್ರಶ್ನೆಯಿದೆ. ನೇಯ್ಗೆ, ಮರಗೆಲಸ, ಬೇಕರಿ, ತೋಟಗಾರಿಕೆ ಇವು ರೋಗಿಯ ಮನಸ್ಸಿಗೆ ಕ್ರಮವನ್ನೂ ಆತ್ಮವಿಶ್ವಾಸವನ್ನೂ ತರುತ್ತವೆ. ಆದರೆ ಅದೇ ಕೆಲಸದಿಂದ ಸಂಸ್ಥೆಗೆ ಆದಾಯ ಬರತೊಡಗಿದಾಗ ಚಿಕಿತ್ಸೆ ಎಲ್ಲಿ ಮುಗಿದು ಬಿಟ್ಟಿ ದುಡಿಮೆ ಎಲ್ಲಿ ಆರಂಭವಾಯಿತೆಂಬ ಗೆರೆ ಮಸುಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿರುವ ವ್ಯಕ್ತಿಯನ್ನು ಕೆಲಸಕ್ಕೆ ಬಲವಂತಪಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ನೀಡಬೇಕು. ನಮ್ಮ ನಗರಗಳ ಅಂಚಿನಲ್ಲಿ ತಲೆಯೆತ್ತುತ್ತಿರುವ ಖಾಸಗಿ ‘ಪುನರ್ವಸತಿ ಕೇಂದ್ರ’ಗಳಲ್ಲಿ ಬಂಧುಗಳನ್ನು ಸೇರಿಸುವವರು ಈ ಒಂದು ವಿಧಿಯನ್ನಾದರೂ ತಿಳಿದಿರಬೇಕು. ‘ಕೆಲಸ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತು ಒಳ್ಳೆಯ ಚಿಕಿತ್ಸಕನ ಬಾಯಿಯಲ್ಲಿ ಸತ್ಯವಾಗಬಹುದು. ನೆಲ ಒರೆಸಲು ಆಳಿಲ್ಲದ ಮಾಲೀಕನ ಬಾಯಿಯಲ್ಲಿ ಅದು ಶೋಷಣೆ.

ಕುಟುಂಬದ ಪಾಲು

ಹೊಣೆಯೆಲ್ಲ ಚಿಕಿತ್ಸಕರದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅಪಸ್ಮಾರದ ಇತಿಹಾಸವನ್ನು ಮುಚ್ಚಿಡುವುದು, ಮನೆಯ ಅಭ್ಯಾಸಗಳನ್ನು ಮಾಡಿಸದೆ ‘ಏನೂ ಪ್ರಯೋಜನವಾಗಲಿಲ್ಲ’ ಎನ್ನುವುದು, ಒಂದು ತಿಂಗಳಲ್ಲಿ ಮೂರು ಕೇಂದ್ರ ಬದಲಿಸುವುದು, ತರಗತಿಗೆ ಅನುಕೂಲವಾಗಲೆಂದು ವರದಿಯನ್ನು ತಿದ್ದಿಕೊಡಲು ಒತ್ತಾಯಿಸುವುದು, ಇವೆಲ್ಲ ನಮ್ಮ ನಡುವೆ ನಡೆಯುತ್ತವೆ. ನಾಲ್ಕೂವರೆ ವರ್ಷ ಓದಿ ಪದವಿ ಪಡೆದು ಬಂದ ಯುವ ಥೆರಪಿಸ್ಟರು ಒಂದಾದ ಮೇಲೊಂದು ಸೆಷನ್ ನಡೆಸಿ, ದಾಖಲೆ ಬರೆಯಲೂ ಸಮಯ ಸಿಗದೆ ದಣಿಯುತ್ತಾರೆ. ದಾಖಲೆಯಿಲ್ಲದಿದ್ದರೆ ನ್ಯಾಯಾಲಯದಲ್ಲಿ ಅವರ ಪ್ರಾಮಾಣಿಕತೆಗೂ ಸಾಕ್ಷಿಯಿಲ್ಲ. ಅವರ ದಣಿವು ಕೊನೆಗೆ ತಟ್ಟುವುದು ರೋಗಿಗೆ.

ಹಾಗಾದರೆ ಕುಟುಂಬಗಳು ಏನು ಮಾಡಬಹುದು? ಮೊದಲ ಭೇಟಿಯಲ್ಲಿಯೇ ಪದವಿ ಮತ್ತು ನೋಂದಣಿ ಸಂಖ್ಯೆಯನ್ನು ವಿನಯದಿಂದ ಕೇಳಬೇಕು. ಯಾರು ಚಿಕಿತ್ಸೆ ಕೊಡುತ್ತಾರೆ, ಸಹಾಯಕರಾದರೆ ಮೇಲ್ವಿಚಾರಣೆ ಯಾರದು ಎಂದು ತಿಳಿಯಬೇಕು. ಗುರಿಗಳನ್ನು ಬರಹದಲ್ಲಿ ಪಡೆದು, ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಪ್ರತಿ ಭೇಟಿಗೂ ರಸೀದಿ, ಕೇಳಿದಾಗ ದಾಖಲೆಯ ಪ್ರತಿ ದೊರೆಯುವಂತೆ ನೋಡಿಕೊಳ್ಳಬೇಕು. ಅಂಗವಿಕಲರಿಗಾಗಿ ನಡೆಸುವ ಸಂಸ್ಥೆಯಾದರೆ 2016ರ ಕಾಯ್ದೆಯಂತೆ ಅದಕ್ಕೆ ನೋಂದಣಿ ಪ್ರಮಾಣಪತ್ರ ಇರಬೇಕೆಂಬುದನ್ನು ಮರೆಯಬಾರದು. ದುಬಾರಿ ಕೇಂದ್ರಗಳ ಹೊರತಾಗಿಯೂ ದಾರಿಗಳಿವೆ: ಮುಂಬಯಿಯಲ್ಲಿ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳು ಮತ್ತು ಹಾಜಿ ಅಲಿಯ ಕೇಂದ್ರ ಸರಕಾರಿ ಪುನರ್ವಸತಿ ಸಂಸ್ಥೆ, ಚೆನ್ನೈ ಬಳಿಯ ಮುಟ್ಟುಕಾಡು ಮತ್ತು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಗಳು, ದೆಹಲಿಯ ದೀನದಯಾಳ್ ಉಪಾಧ್ಯಾಯ ಸಂಸ್ಥೆ ಇವು ನಮ್ಮ ನಗರಗಳಲ್ಲಿಯೇ ಇವೆ.

ನಮ್ಮ ಸಂಘ-ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ವರ್ಷಕ್ಕೊಮ್ಮೆ ರಕ್ತದೊತ್ತಡ, ಮಧುಮೇಹದ ಶಿಬಿರ ನಡೆಸುವ ಸಂಘಗಳು ತಮ್ಮ ಸದಸ್ಯರಲ್ಲಿಯೇ ಇರುವ ಕನ್ನಡ ಬಲ್ಲ ಥೆರಪಿಸ್ಟರ, ವಾಕ್ ತಜ್ಞರ, ವಕೀಲರ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಆಸ್ಪತ್ರೆಯಲ್ಲಿ ಒಂಟಿಯಾಗಿ ಕುಳಿತ ಹಿರಿಯರಿಗೆ ದುಭಾಷಿಗಳಾಗಿ ಹೋಗಬಲ್ಲ ನಿವೃತ್ತರು ನಮ್ಮಲ್ಲಿ ಕಡಿಮೆಯೇನಿಲ್ಲ. ಒಪ್ಪಿಗೆ ಪತ್ರದ ಒಂದು ಮಾದರಿಯನ್ನು ಸರಳ ಕನ್ನಡದಲ್ಲಿ ಬರೆಯುವುದು ಒಂದು ಸಂಜೆಯ ಕೆಲಸ.

2021ರ ಕಾಯ್ದೆ ನೋಂದಣಿ ಪುಸ್ತಕವನ್ನು ಕೊಟ್ಟಿದೆ. ಅದನ್ನು ತೆರೆದು ನೋಡುವ ಅಭ್ಯಾಸವನ್ನು ಸಮಾಜವೇ ಬೆಳೆಸಿಕೊಳ್ಳಬೇಕು. ತುತ್ತೆತ್ತಲಾರದ ಕೈ, ಮಾತು ಬಾರದ ಮಗು, ಕೇಳುವವರಿಲ್ಲದ ರೋಗಿ ಇವರು ತಮ್ಮ ಪರವಾಗಿ ಪ್ರಶ್ನೆ ಕೇಳಲಾರರ‍ು. ಕೇಳಬಲ್ಲವರು ನಾವು. ಒಳ್ಳೆಯ ಚಿಕಿತ್ಸಕರು ಇಂಥ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ; ತಮ್ಮ ವೃತ್ತಿಯನ್ನು ಗಂಭೀರವಾಗಿ ಪರಿಗಣಿಸುವ ಕುಟುಂಬ ಬಂದಿದೆಯೆಂದು ಸಂತೋಷಪಡುತ್ತಾರೆ.